ಓಣಿಯ ಬಾವಿ, ಬಾಣಂತಿಯ ನೀರು

ಬಾವಿಗೆ ಬೀಗ ಬಿದ್ದು ಇಪ್ಪತ್ತು ದಿನ ಆಗಿತ್ತು. ಸವಣೂರಿನ ಆ ಓಣಿಯಲ್ಲಿ ಸಿಹಿನೀರಿನ ಬಾವಿ ಅದೊಂದೇ. ಎರಡು ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡ ಮೇಲೆ ಆರೋಗ್ಯದ ಇನ್‌ಸ್ಪೆಕ್ಟರು ಬಂದು ನೀರನ್ನು ಶೀಷೆಯಲ್ಲಿ ತುಂಬಿಕೊಂಡು ಹೋಗಿದ್ದರು. ಮುಂದಿನ ವಾರ ಮತ್ತೆ ಬಂದು ನೀರು ಸೇದುವ ಗಾಲಿ ಬಿಚ್ಚಿಸಿ, ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿ ಬೀಗ ಜಡಿದರು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಬಾವಿಯ ಕಟ್ಟೆಯಿಂದ ಆರು ಅಡಿ ಆಚೆಗೆ, ಎಂಟು ಅಡಿ ಆಳದಲ್ಲಿ, ಸಂಸ್ಥಾನದ ಕಾಲದ ಗಟಾರ ಪೈಪು ಮಲಗಿತ್ತು. ಚೀನಿಮಣ್ಣಿನ ಪೈಪು, ಒಂದಡಿ ಅಗಲದ್ದು. ಅದರ ಕೀಲುಗಳ ಗಾರೆ ಎಂದೋ ಉದುರಿಹೋಗಿತ್ತು.

ಅಗೆದು ಹೊಸ ಪೈಪು ಹಾಕಿ ಎನ್ನುವುದು ಸುಲಭ. ಓಣಿಯ ಅಗಲ ಎಂಟು ಅಡಿ. ಎರಡೂ ಬದಿಗೆ ಮಣ್ಣಿನ ಗೋಡೆಯ ಮನೆಗಳು. ಬಾವಿಯ ಒಳಗಿನ ಕಲ್ಲುಕಟ್ಟು ಕೈಯಿಂದ ಅಲ್ಲಾಡಿಸಿದರೆ ಅಲ್ಲಾಡುವಂತಿತ್ತು. ಅಲ್ಲಿ ಎಂಟು ಅಡಿ ತಗ್ಗು ತೆಗೆದರೆ ಮೊದಲು ಬಾವಿ ತಗ್ಗಿಗೆ ಬರುತ್ತಿತ್ತು, ಅದರ ಹಿಂದೆ ಎದುರಿಗಿದ್ದ ಮಾಸ್ತರೊಬ್ಬರ ಮನೆಯ ಗೋಡೆ. ನನ್ನ ಮೇಲಿನ ಇಂಜಿನಿಯರು ಒಂದು ಸುತ್ತು ಹಾಕಿ ನೋಡಿ, "ಬಾವಿ ಮ್ಯಾಲೆ ಹಾಸುಗಲ್ಲು ಹಾಕಿ ಮುಚ್ಚಿಬಿಡ್ರಿ. ಬ್ಯಾರೆ ಕಡೆ ಎಲ್ಲ್ಯರ ನೀರಿನ ವ್ಯವಸ್ಥಾ ಮಾಡೋಣು," ಎಂದರು. ಎಲ್ಲಿ, ಯಾವಾಗ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಆಗ ಹಿರೇಕೆರೂರಿನಿಂದ ವರ್ಗವಾಗಿ ಬಂದ ಓವರ್‌ಸಿಯರ್. ಮೂವತ್ತು ತುಂಬಿರಲಿಲ್ಲ, ನಾಲಿಗೆಗೆ ಮೂಳೆಯೂ ಇರಲಿಲ್ಲ. ಅಗೆಯದೆಯೇ ಪೈಪಿನ ಒಳಗೆ ಸಿಮೆಂಟಿನ ಅಸ್ತರು ಕೊಡಬಹುದು ಎಂದುಬಿಟ್ಟೆ. ಕೋಟಿಗೆ ದರ್ಜಿ ಒಳಗಿನಿಂದ ಬಟ್ಟೆ ಕೊಡುತ್ತಾನಲ್ಲ, ಹಾಗೆ.

"ಎಲ್ಲ್ಯರ ಮಾಡಿದ್ದು ನೋಡೀರೇನು?" ಎಂದರು ಸಾಹೇಬರು.

"ಓದೇನ್ರಿ ಸರ್."

ಅವರು ಜಾಳಿಗೆಯ ಸಂದಿಯಿಂದ ಬಾವಿಯೊಳಗೆ ಇಣುಕಿದರು. "ಒಂದು ಸಲ ಮಾಡಿ ನೋಡ್ರಿ. ಆಗಲಿಲ್ಲಂದ್ರ ಹಾಸುಗಲ್ಲು ನೀವ ನಿಂತು ಹಾಕಸಬೇಕು."

ಮಾತು ಸುತ್ತಲಿದ್ದ ಓಣಿಯವರ ಕಿವಿಗೂ ಬಿತ್ತು. ಅಂದಿನಿಂದ ಬಾವಿ ಅವರದಾದರೂ ಅದರ ಹೊಣೆ ನನ್ನದಾಯಿತು.

ನಾನು ಓದಿದ್ದ ಹಳೆಯ ಕೈಪಿಡಿಯಲ್ಲಿ ಕಬ್ಬಿಣದ ನೀರಿನ ಪೈಪುಗಳಿಗೆ ಅಸ್ತರು ಕೊಡುವ ಒಂದು ಚಿತ್ರವಿತ್ತು, ಅರ್ಧ ಪುಟದ ವಿವರವಿತ್ತು. ಪೈಪಿನ ಒಳಗೆ ಮುಂದೆ ಒಂದು ತೊಗಲಿನ ಬಿಲ್ಲೆ, ಹಿಂದೆ ಒಂದು ಗುಂಡು, ನಡುವೆ ಹದವಾಗಿ ಕಲಸಿದ ಗಾರೆ. ಗುಂಡು ಪೈಪಿಗಿಂತ ಒಂದು ಇಂಚು ಸಣ್ಣದು. ಮೂರನ್ನೂ ಹಗ್ಗದಿಂದ ಎಳೆದಾಗ ಗಾರೆಗೆ ಹೋಗಲು ಬೇರೆ ಜಾಗವಿಲ್ಲದೆ ಪೈಪಿನ ಮೈಗೆ ಅರ್ಧ ಇಂಚು ದಪ್ಪ ಒತ್ತಿಕೊಳ್ಳುತ್ತದೆ. ಶಿಗ್ಗಾಂವಿಯ ಬಡಿಗನೊಬ್ಬ ಬೇವಿನ ಕಟ್ಟಿಗೆಯ ಗುಂಡು ಕಡೆದುಕೊಟ್ಟ. ತೊಗಲಿನ ಬಿಲ್ಲೆಯನ್ನು ಊರಿನ ಚಪ್ಪಲಿ ಹೊಲಿಯುವವನು ಎರಡು ಪದರು ಮಾಡಿ ಹೊಲಿದ.

ಗಾರೆಗೆ ಹುಲಗೂರಿನ ಗೌಂಡಿ ಬಂದ. ಅರವತ್ತರ ಮನುಷ್ಯ, ಬಿಳಿ ಗಡ್ಡ, ಮಾತಿನಲ್ಲಿ ಜಿಪುಣ. ಉಸುಕು ಸಿಮೆಂಟು ಒಣದಾಗಿಯೇ ಮೂರು ಸಲ ತಿರುವಿ ಹಾಕಿ, ಆಮೇಲೆ ಕೈಯಿಂದ ನೀರು ಚಿಮುಕಿಸುತ್ತಿದ್ದ. ಗಾರೆಯನ್ನು ಉಂಡೆ ಕಟ್ಟಿ ಒಂದು ಕೈಯಿಂದ ಇನ್ನೊಂದು ಕೈಗೆ ಎಸೆದು, ಅದು ಬೀಳುವ ಸಪ್ಪಳ ಕೇಳಿ ಹದ ಹೇಳುತ್ತಿದ್ದ. ನಾನು ನೀರನ್ನು ಅಳತೆ ಪಾತ್ರೆಯಲ್ಲಿ ಹಾಕಲು ಹೇಳಿದಾಗ ಪಾತ್ರೆಯನ್ನು ಒಮ್ಮೆ ನೋಡಿ, ಅದರಲ್ಲೇ ನೀರು ತುಂಬಿಕೊಂಡು ಕುಡಿದ.

ಓಣಿಯಲ್ಲಿ ಮೂರು ಮ್ಯಾನ್‌ಹೋಲು: ಮೇಲಿನದು, ನಡುವಿನದು, ಕೆಳಗಿನದು. ಮೇಲಿನಿಂದ ನಡುವಿನವರೆಗೆ ಮೊದಲ ತುಂಡು. ನಡುವಿನಿಂದ ಕೆಳಗಿನವರೆಗೆ ಎರಡನೆಯದು, ನೂರಾ ಹತ್ತು ಅಡಿ. ಬಾವಿ ಇದ್ದದ್ದು ಇದರ ಮಗ್ಗುಲಿಗೆ. ಮೇಲಿನಿಂದ ಬರುವ ಕೊಳೆ ನೀರನ್ನು ಮೊದಲ ಮ್ಯಾನ್‌ಹೋಲಿನಲ್ಲೇ ಉಸುಕಿನ ಚೀಲ ಒಡ್ಡಿ ತಡೆದು, ಆಯಿಲ್ ಎಂಜಿನ್ನಿನಿಂದ ಎತ್ತಿ, ಕ್ಯಾನ್ವಾಸ್ ಪೈಪಿನಲ್ಲಿ ಓಣಿಯ ಕೆಳಗೆ ಬಿಟ್ಟೆವು.

ಮೊದಲ ತುಂಡಿನಲ್ಲಿ ಕೈರಾಟೆಯಿಂದ ಎಳೆದಾಗ ಹಗ್ಗ ಜಗ್ಗಿ ಜಗ್ಗಿ ಬಂದು ಅಸ್ತರಿನಲ್ಲಿ ಏಣುಗಳೆದ್ದವು. ಒದ್ದೆಯಿದ್ದಾಗಲೇ ಗುಂಡನ್ನು ಇನ್ನೊಮ್ಮೆ ಎಳೆದು ಸರಿಮಾಡಿದೆವು. ಎರಡನೆಯದಕ್ಕೆ ಗೌಂಡಿಯೇ ಒಂದು ಉಪಾಯ ಹೇಳಿದ. ವೀಳ್ಯದೆಲೆ ತೋಟದ ಬಾವಿಗಳಲ್ಲಿ ತೊಗಲಿನ ಚೀಲದಿಂದ ನೀರು ಜಗ್ಗುತ್ತಿದ್ದ ಎತ್ತುಗಳು ಪಂಪಸೆಟ್ಟು ಬಂದ ಮೇಲೆ ಕೆಲಸವಿಲ್ಲದೆ ನಿಂತಿದ್ದವು. ಅವಕ್ಕೆ ಒಂದೇ ಸಮ ಜಗ್ಗುವುದು ಬಿಟ್ಟರೆ ಬೇರೆ ನಡಿಗೆಯೇ ಗೊತ್ತಿರಲಿಲ್ಲ. ಅಂಥ ಒಂದು ಜೋಡಿಯನ್ನು ಎತ್ತಿನವನ ಸಮೇತ ಕರೆತಂದು ಓಣಿಯ ಕೆಳಗಿನ ಬಯಲಿನಲ್ಲಿ ಹೂಡಿದೆವು.

ಎರಡನೆಯ ತುಂಡಿಗೆ ಐದು ಮನೆಗಳ ಬಚ್ಚಲ ನೀರು ಬಂದು ಕೂಡುತ್ತಿತ್ತು. ಆ ಐದು ತೂತುಗಳಲ್ಲಿ ಗಾರೆ ಹೊಕ್ಕರೆ ಬಚ್ಚಲು ಶಾಶ್ವತವಾಗಿ ಬಂದ್. ಅದಕ್ಕಾಗಿ ಬಿದಿರಿನ ತುದಿಗೆ ಗೋಣಿ ಸುತ್ತಿ ಐದು ಬೆಣೆ ಮಾಡಿಸಿದೆ. ಬಚ್ಚಲ ಮೂಲೆಯ ಗುಂಡಿಯಿಂದ ಬೆಣೆಯನ್ನು ಒಳಗೆ ತಳ್ಳಬೇಕು, ಬಿದಿರಿನ ಮೇಲಿನ ಸುಣ್ಣದ ಗೆರೆ ಗುಂಡಿಯ ಅಂಚಿಗೆ ಬಂದಾಗ ನಿಲ್ಲಿಸಬೇಕು. ಆಗ ಬೆಣೆಯ ಮುಖ ಸರಿಯಾಗಿ ಪೈಪಿನ ಮೈಗೆ ಸಮನಾಗಿ ನಿಲ್ಲುತ್ತದೆ. ಗಾರೆ ಎಳೆದಾದ ಮೇಲೆ ಎರಡು ದಿನ ಬಚ್ಚಲಿಗೆ ಒಂದು ತಂಬಿಗೆ ನೀರೂ ಬೀಳಕೂಡದು. ಐದೂ ಮನೆಗಳಿಗೆ ಹೋಗಿ ಕೈಮುಗಿದು ಹೇಳಿದೆ. ಎಲ್ಲರೂ ಒಪ್ಪಿದರು.

ಬೆಣೆ ಇಡಲು ಬಚ್ಚಲಿಗೆ ಗಂಡಸರು ಹೋಗುವುದು ಬೇಡವೆಂದು ನಮ್ಮ ಕೂಲಿ ಹೆಣ್ಣುಮಗಳನ್ನು ಕಳಿಸಿದೆ. ಹಿರೇಬೆಂಡಿಗೇರಿಯವಳು, ನಾಲ್ಕು ಮಕ್ಕಳ ತಾಯಿ, ಗಂಡಾಳಿಗಿಂತ ಹೆಚ್ಚು ಮಣ್ಣು ಹೊರುತ್ತಿದ್ದಳು. ನಾಲ್ಕು ಮನೆಗಳಲ್ಲಿ ಅವಳೇ ಇಟ್ಟುಬಂದಳು. ಮಾಸ್ತರ ಮನೆಯ ಅಜ್ಜಿ ಮಾತ್ರ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ನಮ್ಮದು ಮಡಿ ಮನಿ. ನಾವಿಬ್ರೇ ಮುದುಕರು ಇರೋದು. ಕೊಡ್ರಿ, ನಾನೇ ಇಡ್ತೀನಿ," ಎಂದು ಬೆಣೆ ತೆಗೆದುಕೊಂಡು ಒಳಗೆ ಹೋದಳು.

ಅವಳ ಗಂಡ ನಿವೃತ್ತ ಸಂಸ್ಕೃತ ಮಾಸ್ತರು. ದಿನಾ ಬೆಳಿಗ್ಗೆ ಎಲೆ ತೋಟದ ಬಾವಿಯಿಂದ ಎರಡೆರಡು ಕೊಡದಂತೆ ನೀರು ಹೊತ್ತು ನನ್ನ ಮುಂದೆಯೇ ಹಾದುಹೋಗುತ್ತಿದ್ದರು. ಹತ್ತು ಸಲ, ಹನ್ನೆರಡು ಸಲ. ಇಬ್ಬರು ಮುದುಕರಿಗೆ ಇಷ್ಟು ನೀರು ಯಾಕೆ ಎಂದು ಕೇಳುವಷ್ಟು ಬುದ್ಧಿ ನನಗೆ ಇರಲಿಲ್ಲ. ನನ್ನ ಕಣ್ಣೆಲ್ಲ ಸಿಮೆಂಟಿನ ಚೀಲಗಳ ಮೇಲಿತ್ತು. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುವ ಕಾಲ. ಒಂದು ಎಳೆತಕ್ಕೆ ಏಳು ಚೀಲ ಬೇಕು. ಎರಡನೆಯ ತುಂಡು ಮುಗಿದ ಮೇಲೆ ಮ್ಯಾನ್‌ಹೋಲುಗಳ ದುರಸ್ತಿಗೆಂದು ಏಳು ಚೀಲ ಉಳಿಯುತ್ತಿತ್ತು. ಅಷ್ಟೇ.

ಎತ್ತುಗಳು ಹೇಳಿ ಮಾಡಿಸಿದಂತೆ ನಡೆದವು. ಗುಂಡು ಕೆಳಗಿನ ಮ್ಯಾನ್‌ಹೋಲಿನಲ್ಲಿ ಮೂತಿ ತೋರಿಸಿದಾಗ ಅದರ ಹಿಂದಿನ ಅಸ್ತರು ಒರಳಿನ ಒಳಮೈಯಂತೆ ನುಣ್ಣಗಿತ್ತು. ಅಂದು ನಾನು ಹೋಟೆಲಿನಲ್ಲಿ ಎಲ್ಲರಿಗೂ ಖಾರಾ, ಚಹಾ ಹೇಳಿದೆ.

ಎರಡು ದಿನ ಬಿಟ್ಟು ಮಧ್ಯಾಹ್ನ ಕನ್ನಡಿ ಹಿಡಿದು ನೋಡಿದೆವು. ಮೇಲೆ ನಿಂತ ಒಬ್ಬ, ಕ್ಷೌರಿಕನ ದೊಡ್ಡ ಕನ್ನಡಿಯಿಂದ ಬಿಸಿಲನ್ನು ಮ್ಯಾನ್‌ಹೋಲಿನ ಒಳಗೆ ಬಿಡುತ್ತಾನೆ, ಒಳಗಿನವನು ಇನ್ನೊಂದು ಕನ್ನಡಿಯಿಂದ ಅದನ್ನು ಪೈಪಿನೊಳಕ್ಕೆ ತಿರುಗಿಸುತ್ತಾನೆ. ನೂರಾ ಹತ್ತು ಅಡಿಯೂ ಬೆಳಗುತ್ತದೆ. ನಾನು ಕೆಳಗಿನ ಮ್ಯಾನ್‌ಹೋಲಿನಲ್ಲಿ ಇಳಿದು ಕುಕ್ಕರುಗಾಲಿನಲ್ಲಿ ಕೂತು ನೋಡಿದೆ. ಮೇಲರ್ಧ ಚೆನ್ನಾಗಿತ್ತು. ಬಾವಿಯ ಮಗ್ಗುಲಿನಿಂದ ಇತ್ತ ಪೈಪಿನ ತಳದಲ್ಲಿ ಅಸ್ತರೇ ಇರಲಿಲ್ಲ. ಹಳೆಯ ಪೈಪಿನ ಕಂದು ಬಣ್ಣ, ಬಿರುಕು ಬಿಟ್ಟ ಕೀಲುಗಳು, ಅವುಗಳ ಮೇಲೆ ಹಳ್ಳದ ದಂಡೆಯಲ್ಲಿ ಕಾಣುವಂಥ ಬರೀ ಉಸುಕು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗಾಗಿತ್ತು.

ಉಸುಕು ಇದೆ, ಸಿಮೆಂಟು ಇಲ್ಲ. ನನ್ನ ತಲೆ ಒಂದೇ ಲೆಕ್ಕ ಹಾಕಿತು. ಆ ದಿನಗಳಲ್ಲಿ ಸಿಮೆಂಟಿನ ಚೀಲ ಕಾಳಸಂತೆಗೆ ಹೋಗುವುದು ಯಾರಿಗೂ ಹೊಸದಲ್ಲ. ಮೇಲೆ ಹತ್ತಿ ಬಂದವನೇ, ಕೈ ಒರೆಸಿಕೊಳ್ಳುತ್ತ ನಿಂತಿದ್ದ ಗೌಂಡಿಯ ಮುಂದೆ ನಿಂತು ಕೇಳಿದೆ. "ಏಳು ಚೀಲದಾಗ ಪೈಪಿನ ಒಳಗ ಎಷ್ಟು ಹೋತು, ಹುಲಗೂರಿಗೆ ಎಷ್ಟು ಹೋತು?"

ಐದೂ ಮನೆಗಳ ಕಟ್ಟೆಯ ಮೇಲೆ ಜನ ಇದ್ದರು. ಎಲ್ಲರೂ ಕೇಳಿಸಿಕೊಂಡರು.

ಗೌಂಡಿ ಕರಣಿಯನ್ನು ತೊಳೆದ, ಟವೆಲ್ಲಿನ ತುದಿಯಿಂದ ಒರೆಸಿದ, ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡ. ಎತ್ತಿನವನಿಗೆ ಮಾತ್ರ "ಬರ್ತೇನಪಾ," ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ಆಗ ಅದು ಹೊಳೆಯಲಿಲ್ಲ. ಹೊಳೆದದ್ದು ಹಾಸುಗಲ್ಲು ಒಂದೇ.

ಮರುದಿನ ಬೆಳಿಗ್ಗೆ ನಾನು ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ಸಾಹೇಬರಿಗೆ ಏನು ಬರೆಯಬೇಕೆಂದು ಕಾಗದ ಮುಂದಿಟ್ಟುಕೊಂಡಿದ್ದೆ. ಕೂಲಿಯವಳು ಐದು ಮನೆಗಳಿಂದ ವಾಪಸು ತಂದ ಬೆಣೆಗಳನ್ನು ಬಿಚ್ಚಿ ಗೋಣಿ ತೊಳೆಯುತ್ತಿದ್ದಳು. ತೊಳೆಯುವುದನ್ನು ನಿಲ್ಲಿಸಿ ಒಂದನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಎದ್ದು ಬಂದು ನನ್ನ ಕಾಗದದ ಮೇಲೆಯೇ ಅದನ್ನು ಇಟ್ಟಳು.

"ಸಾಹೇಬ್ರ, ಗೌಂಡಿ ಅಜ್ಜಂದು ತಪ್ಪಿಲ್ರಿ. ಇದು ಬಾಣಂತಿ ನೀರು."

"ಏನು?"

"ಅರಿಷಿಣ ನೋಡ್ರಿ, ಹೆಂಗ ಹತ್ತೇತಿ. ಔಡಲೆಣ್ಣಿ ವಾಸನಿ ನೋಡ್ರಿ. ಬಿಸಿನೀರು ಕೊಡಗಟ್ಟಲೆ ಹಾಕ್ಯಾರ. ಬೆಣಿ ಜಗ್ಗಿ, ನೀರು ಬಿಟ್ಟು, ಮತ್ತ ಇಟ್ಟಾರ."

"ಯಾವ ಮನೀದಿದು?"

ಅವಳು ಮಾಸ್ತರ ಮನೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಅಲ್ಲಿ ಇಬ್ರು ಮುದುಕರು ಅಷ್ಟ ಅದಾರಲ್ಲ?"

"ಮಗಳು ಬಂದಾಳ್ರಿ. ಕೂಸು ಹುಟ್ಟಿ ಇವತ್ತಿಗೆ ಆರು ದಿನ."

"ನಿನಗ ಹೆಂಗ ಗೊತ್ತು?"

"ಇಡೀ ಓಣಿಗೆ ಗೊತ್ತೈತ್ರಿ."

ನನಗೊಬ್ಬನಿಗೆ ಗೊತ್ತಿರಲಿಲ್ಲ. "ಮತ್ತ ಯಾರೂ ಯಾಕ ಹೇಳಲಿಲ್ಲ?" ಎಂದು ರೇಗಿದೆ. ಅವಳು ದನಿ ತಗ್ಗಿಸಿದಳು. "ಆಕೀಗೆ ಮದಲ ಎರಡು ಕೂಸು ಹೋಗ್ಯಾವ್ರಿ. ಇದರ ಸುದ್ದಿ ಯಾರೂ ಬಾಯಾಗ ತಗೊಳ್ಳಂಗಿಲ್ಲ. ದೃಷ್ಟಿ ಆದೀತಂತ. ನಾ ಈಗ ಹೇಳಿದ್ದೂ ತಪ್ಪ."

ನಾನು ಬೆಣೆ ಹಿಡಿದುಕೊಂಡೇ ಮಾಸ್ತರ ಮನೆಯ ಬಾಗಿಲಿಗೆ ಹೋದೆ. ಬೈಯಬೇಕೆಂದೇ ಹೋದೆ. ಮುಚ್ಚಿಡುವುದೇನು ಬಂತು. ನನ್ನ ಇಪ್ಪತ್ತು ದಿನದ ಕೆಲಸ, ಊರಿನ ಏಳು ಚೀಲ ಸಿಮೆಂಟು, ಎಲ್ಲ ಇವರ ಬಚ್ಚಲಲ್ಲಿ ಹರಿದುಹೋಗಿತ್ತು. ಅಜ್ಜಿ ಬಾಗಿಲಿಗೆ ಬಂದು ಬೆಣೆ ನೋಡಿದಳು. ಸುಳ್ಳು ಹೇಳುವ ಪ್ರಯತ್ನ ಮಾಡಲಿಲ್ಲ.

"ಹೌದ್ರಿ. ನಾನೇ ತಗದೆ. ಇಪ್ಪತ್ತು ಕೊಡ ಹಾಕೀನಿ. ಬಾಣಂತಿಗೆ ನೀರು ತಪ್ಪಸಲಿಕ್ಕೆ ಬರೋದಿಲ್ಲ."

"ಅಜ್ಜಿ, ನೀವು ಹಾಕಿದ ನೀರಿನಿಂದ ಬಾವಿ ಹೋತು. ಇನ್ನ ಅದನ್ನ ಮುಚ್ಚೋದ ಉಳೀತು."

ಅವಳು ನನ್ನನ್ನು ದಾಟಿ ಬಾವಿಯ ಬೀಗದ ಕಡೆ ನೋಡಿದಳು. "ಆ ಬಾವಿ ನನಗ ಹೇಳಬ್ಯಾಡ್ರಿ. ಎರಡನೇ ಕೂಸು ಇದೇ ಮನ್ಯಾಗ ಹೋತು. ಮೂರು ತಿಂಗಳದ್ದು. ಭೇದಿ ಹತ್ತಿ ಎರಡು ದಿವಸದಾಗ ಹೋತು. ಆ ನೀರೇ ಹಾಕಿದ್ದೆ ನಾನು, ನನ್ನ ಕೈಯಾರೆ, ಚಮಚದಾಗ. ಆವಾಗ ಬೀಗ ಇರಲಿಲ್ಲ."

ಒಳಗೆ ಕೂಸು ಸಣ್ಣಗೆ ಅತ್ತಿತು. ಅಜ್ಜಿ ತಟ್ಟನೆ ಬಾಗಿಲು ಅರ್ಧ ಮುಂದೆ ಮಾಡಿದಳು, ನಾನು ಕೇಳಿಸಿಕೊಳ್ಳಬಾರದೆಂಬಂತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನನಗೆ ನಾಚಿಕೆಯಾಯಿತು. ಬಾವಿ ಎಂದರೆ ನನಗೆ ಸಾಹೇಬರ ಮುಂದೆ ಆಡಿದ ಒಂದು ಮಾತಾಗಿತ್ತು. ಅವಳಿಗೆ ಏನಾಗಿತ್ತು ಎಂದು ಆಗ ತಿಳಿಯಿತು.

ಬಾಣಂತಿಯ ಸ್ನಾನ ನಿಲ್ಲಿಸಿ ಎಂದು ಹುಕುಂ ಮಾಡುವ ಅಧಿಕಾರ ನನಗಿತ್ತು. ಬಚ್ಚಲಿಗೆ ಗಾರೆ ಮೆತ್ತಿ ಎರಡು ದಿನ ಬಂದ್ ಮಾಡಿಸಲೂಬಹುದಿತ್ತು. ಅಲ್ಲೇ ಬಾಗಿಲಲ್ಲಿ ನಿಂತು ನಿರ್ಧಾರ ಮಾಡಿದೆ. "ನೀರು ನಿಲ್ಲಿಸಬ್ಯಾಡ್ರಿ," ಎಂದೆ. "ಇನ್ನೊಂದು ಸಲಕ್ಕ ಆಗುವಷ್ಟು ಸಿಮೆಂಟು ಐತಿ. ಬಾಣಂತೀನ ದೊಡ್ಡ ಬಾನ್ಯಾಗ ಕುಂಡ್ರಿಸಿ ನೀರು ಹಾಕ್ರಿ. ಬಿದ್ದ ನೀರೆಲ್ಲ ನಮ್ಮಾಕಿ ಹೊತ್ತು ಓಣಿ ಕೆಳಗ ಚೆಲ್ಲತಾಳ. ಆದ್ರ ಆಕೀನ ಬಚ್ಚಲ ತನಕ ಒಳಗ ಬಿಡಬೇಕು."

ಮಡಿ ಮನೆಯ ಬಚ್ಚಲಿಗೆ ಕೂಲಿಯವಳು. ಅಜ್ಜಿ ಇಲ್ಲ ಎನ್ನುತ್ತಾಳೆ ಎಂದೇ ಅಂದುಕೊಂಡಿದ್ದೆ. ಅವಳು ಬೆರಳು ಮಡಚಿ ಎಣಿಸಿದಳು.

"ಹತ್ತು ದಿವಸ ಪುರುಡು ಅದ. ಆ ಖೋಲಿ, ಬಚ್ಚಲು ಎಲ್ಲಾ ಮೈಲಿಗಿನೇ ಈಗ. ನಾವೇ ಮೈಲಿಗಿ ಇರೋವಾಗ ಆಕಿ ಬಂದ್ರ ಏನು ಹೋಗ್ತದ? ಬರಲಿ. ಆದ್ರ ಹನ್ನೊಂದನೇ ದಿವಸ ಮನಿ ತೊಳೀಬೇಕು, ಎಲ್ಲಾರೂ ತಲಿ ಮ್ಯಾಲೆ ನೀರು ಹಾಕ್ಕೋಬೇಕು. ಅವತ್ತ ನನಗ ಬಚ್ಚಲು ಬೇಕೇ ಬೇಕು. ಆಮ್ಯಾಲೆ ಆಕಿನ್ನ ಬಿಡಲಿಕ್ಕೂ ಬರೋದಿಲ್ಲ."

ಶಾಸ್ತ್ರದಲ್ಲಿ ನನಗೆ ಅಷ್ಟು ಉಪಯೋಗಕ್ಕೆ ಬಂದ ಮಾತು ಬೇರೊಂದಿಲ್ಲ. ಲೆಕ್ಕ ಹಾಕಿದೆ. ಇವತ್ತು ಆರನೇ ದಿನ. ಏಳು, ಎಂಟು ಕೆಟ್ಟ ಅಸ್ತರನ್ನು ಕೆರೆದು ತೆಗೆಯಲು. ಒಂಬತ್ತರ ಬೆಳಿಗ್ಗೆ ಎಳೆಯಬೇಕು. ಒಂಬತ್ತು, ಹತ್ತು ಗಾರೆ ಹಿಡಿಯಲು. ಒಂದು ದಿನ ತಪ್ಪಿದರೂ ಎಲ್ಲ ತಪ್ಪಿತು. ಆದರೆ ಗಾರೆ ಕಲಸುವವನೇ ಹೋಗಿಬಿಟ್ಟಿದ್ದ.

ಅದೇ ಮಧ್ಯಾಹ್ನದ ಬಸ್ಸಿಗೆ ಹುಲಗೂರಿಗೆ ಹೋದೆ. ಗೌಂಡಿ ದರ್ಗಾದ ಹಿಂದಿನ ಓಣಿಯಲ್ಲಿ ಯಾರದೋ ಮನೆಯ ಗೋಡೆಗೆ ಗಿಲಾವು ಮಾಡುತ್ತಿದ್ದ. ನನ್ನನ್ನು ನೋಡಿದರೂ ಕೈ ನಿಲ್ಲಿಸಲಿಲ್ಲ. ಬೆಣೆಯ ಸಂಗತಿ ಎಲ್ಲ ಹೇಳಿದೆ. "ನಂದು ತಪ್ಪಾತು. ಮಾಫಿ ಕೇಳಾಕ ಬಂದೇನಿ," ಎಂದೆ.

"ಆ ಮಾತು ಎಲ್ಲಿ ಆಡಿದ್ರಿ?"

"ಓಣ್ಯಾಗ."

"ಎಷ್ಟು ಮಂದಿ ಇದ್ರು?"

ಅವನು ಗೋಡೆಗೆ ಇನ್ನೊಂದು ಕರಣಿ ಗಾರೆ ಒಗೆದು ಸವರಿದ. "ನಲವತ್ತು ವರ್ಸ ಈ ಕೆಲಸ ಮಾಡೇನಿ. ಇಮಾನಿನ ಮ್ಯಾಲೆ ಯಾರೂ ಬಟ್ಟು ಇಟ್ಟಿದ್ದಿಲ್ಲ. ಅಲ್ಲಿ ಚೆಲ್ಲಿದ್ದನ್ನ ಇಲ್ಲಿ ಬಳದ್ರ ಹೆಂಗ್ರಿ?" ಕರಣಿಯನ್ನು ನೀರಿನಲ್ಲಿ ಅದ್ದಿ, "ನಾಳಿ ಮದಲನೇ ಬಸ್ಸಿಗೆ ಬರ್ತೇನಿ. ನೀವು ಕರದ್ರಂತಲ್ಲ. ಕೂಸಿರೋ ಮನಿ ಮುಂದ ಕೆಲಸ ಅರ್ಧಾ ಬಿಡಬಾರದು," ಎಂದ.

ಮರುದಿನ ಬೆಳಿಗ್ಗೆ ಅವನು ಬಂದಾಗ ಓಣಿಯವರು ಕಟ್ಟೆಗಳ ಮೇಲಿದ್ದರು. ನಾನು ಬಾವಿಯ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ, ಗೌಂಡಿ ಒಂದು ಹಿಡಿ ಸಿಮೆಂಟೂ ಎತ್ತಿಲ್ಲ, ಅವನ ಮೇಲೆ ನಾನು ಸುಳ್ಳು ಹೊರಿಸಿದೆ, ತಪ್ಪು ನನ್ನದು ಎಂದು ಹೇಳಿದೆ. ನಾಲ್ಕು ಮಾತು ಆಡುವುದರಲ್ಲಿ ಬೆನ್ನು ಬೆವತಿತು. ಬಾಣಂತಿಯ ಹೆಸರು ಎತ್ತಲಿಲ್ಲ. ಅಷ್ಟನ್ನು ಆ ಓಣಿ ನನಗೆ ಕಲಿಸಿತ್ತು. ಗೌಂಡಿ ಟವೆಲ್ ಬಿಚ್ಚಿ ಕರಣಿ ತೆಗೆದ. "ಉಸುಕು ಜರಡಿ ಹಿಡಸ್ರಿ," ಎಂದ. ಅಷ್ಟೇ.

ಎರಡು ದಿನ ಸರಪಳಿ, ತಂತಿಯ ಬ್ರಷ್ಷು ಎಳೆದು ಹಳೆಯ ಗಾರೆ ಕೆರೆದೆವು. ಕೂಲಿಯವಳು ದಿನಾ ಬಚ್ಚಲಿನಿಂದ ಬಾನಿಯ ನೀರು ಹೊತ್ತಳು. ಹೋಗುವಾಗ ಬರುವಾಗ ಅಜ್ಜಿಗೂ ಅವಳಿಗೂ ಏನೇನೋ ಮಾತು ಬೆಳೆಯಿತು. ಕೂಸಿಗೆ ಹೊಟ್ಟೆನೋವಿಗೆ ಏನು ಹಾಕಬೇಕು ಎನ್ನುವುದರಿಂದ ಹಿಡಿದು.

ಒಂಬತ್ತನೆಯ ದಿನ ಬೆಳಿಗ್ಗೆ ಕೊನೆಯ ಏಳು ಚೀಲ ಬಿಚ್ಚಿದೆವು. ಬೆಣೆಗಳನ್ನು ಇಟ್ಟಾಯಿತು. ನಾಲ್ಕು ಮನೆಗಳಲ್ಲಿ ನಾನೇ ಗೆರೆ ನೋಡಿ ಬಂದೆ. ಮಾಸ್ತರ ಮನೆಯಲ್ಲಿ ಬಾಣಂತಿ ಇದ್ದದ್ದರಿಂದ ನಾನು ಒಳಗೆ ಹೋಗುವ ಹಾಗಿರಲಿಲ್ಲ. ಕೂಲಿಯವಳು ಇಟ್ಟು ಬಂದು ಸರಿ ಇದೆ ಎಂದಳು. ಎತ್ತಿನವ ಕೊರಳ ಗಂಟೆ ಬಿಚ್ಚಿ ಎತ್ತು ಹೂಡಿದ. ಹಗ್ಗಕ್ಕೆ ಹತ್ತು ಹತ್ತು ಅಡಿಗೆ ಒಂದರಂತೆ ಕೆಂಪು ಬಟ್ಟೆ ಕಟ್ಟಿದ್ದೆವು. ಎಷ್ಟು ಬಟ್ಟೆ ಹೊರಬಂತೋ ಅಷ್ಟು ದೂರ ಗುಂಡು ಸಾಗಿತೆಂದು ಲೆಕ್ಕ.

ಒಂದು, ಎರಡು, ಮೂರು. ಐದನೆಯ ಬಟ್ಟೆ ಬಂತು. ಆರನೆಯದು ಬಂದ ಮೇಲೆ ಎತ್ತುಗಳು ನಿಂತವು. ಎತ್ತಿನವ ಚುಂಯ್ ಎಂದ. ಕಾಲು ಊರಿ ಜಗ್ಗಿದವು, ಹಗ್ಗ ತಂತಿಯ ಹಾಗೆ ಬಿಗಿಯಿತು, ಗುಂಡು ಮಿಸುಕಲಿಲ್ಲ.

ನಿಂತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಗಾರೆ ಅರ್ಧ ಗಂಟೆಯಲ್ಲಿ ಬಿರುಸಾಗಲು ಶುರುವಾಗುತ್ತದೆ. ಆಮೇಲೆ ಪೈಪಿನ ಒಳಗೆ ಹದಿನೈದು ಅಡಿ ಉದ್ದದ ಕಲ್ಲು. ಅದನ್ನು ತೆಗೆಯಲು ಅಗೆಯಲೇಬೇಕು, ಸರಿಯಾಗಿ ಬಾವಿಯ ಮಗ್ಗುಲಲ್ಲಿ. ಬಾವಿ, ಗೋಡೆ, ಬಾಣಂತಿಯ ಖೋಲಿ, ಎಲ್ಲ ತಗ್ಗಿಗೆ. "ಜೋರು ಹೊಡಿ, ಜಗ್ಗಸು!" ಎಂದು ಕೂಗಿದೆ.

"ತಡೀರಿ!" ಎಂದ ಗೌಂಡಿ. ಅವನು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಹಗ್ಗ ಹರೀತಂದ್ರ ಮುಗೀತು." ಅವನು ಕೆಳಗಿನ ಮ್ಯಾನ್‌ಹೋಲಿಗೆ ಇಳಿದು ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟ, ಆಮೇಲೆ ಕಿವಿ ಇಟ್ಟ. "ಗಾರಿ ಹಿಡದಿದ್ರ ಹಗ್ಗ ಸತ್ತಂಗ ಇರತೈತಿ. ಇದು ಒಂದ ಕಡೆ ಬಡಿಯಾಕತ್ತೇತಿ. ಗುಂಡಿಗೆ ಏನೋ ಅಡ್ಡ ನಿಂತೈತ್ರಿ."

ಆ ಎರಡು ಕ್ಷಣ ನನ್ನ ಕೆಟ್ಟ ಬುದ್ಧಿ ಮತ್ತೆ ಕುದಿಯಿತು. ಗಡಿಯಾರ ನೋಡಿದೆ. ಹನ್ನೆರಡು ನಿಮಿಷ ಹೋಗಿತ್ತು. ಜಗ್ಗಿಸಿದರೆ ಹೊರಬಂದರೂ ಬರಬಹುದು. ಆದರೆ ನಾಲ್ಕು ದಿನದ ಹಿಂದೆ ಇದೇ ಜಾಗದಲ್ಲಿ ಇದೇ ಮನುಷ್ಯನನ್ನು ನಂಬದೆ ಏನು ಮಾಡಿಕೊಂಡಿದ್ದೆ ಎಂಬುದು ಇನ್ನೂ ಹಸಿಯಾಗಿತ್ತು. "ಎತ್ತು ಸಡಲಸು," ಎಂದೆ ಎತ್ತಿನವನಿಗೆ.

ಕೆಂಪು ಬಟ್ಟೆ ಎಣಿಸಿದೆ. ಆರು ಬಂದು ಏಳನೆಯದು ಅರ್ಧದಲ್ಲಿತ್ತು. ಅರವತ್ತೈದು ಅಡಿ. ನಕ್ಷೆಯಲ್ಲಿ ಅರವತ್ತೈದು ಅಡಿಗೆ ಬರುವುದು ಮಾಸ್ತರ ಮನೆಯ ಬಚ್ಚಲು. ಕೂಲಿಯವಳು ನನ್ನ ಮುಖ ನೋಡಿದವಳೇ ಸೀರೆ ಎತ್ತಿ ಕಟ್ಟಿ ಓಡಿದಳು. ಒಳಗಿನಿಂದ ಅವಳ ದನಿ ಕೇಳಿಸಿತು. "ಅಯ್ಯ, ಯಾಕ್ರಿ ಅಜ್ಜಿ ಇದನ್ನ ಇಷ್ಟು ತುರಕೀರಿ!"

ಸಂಗತಿ ಇಷ್ಟು. ಕೂಲಿಯವಳು ಗೆರೆಗೆ ಸರಿಯಾಗಿ ಬೆಣೆ ಇಟ್ಟು ಬಂದ ಮೇಲೆ ಅಜ್ಜಿಗೆ ಸಮಾಧಾನವಾಗಿರಲಿಲ್ಲ. ಹೋದ ಸಲ ತನ್ನಿಂದ ಕೆಟ್ಟಿತಲ್ಲ, ಈ ಸಲ ಒಂದು ಹನಿಯೂ ಸೋರಬಾರದು ಎಂದು ಒನಕೆ ತಂದು ಬಿದಿರನ್ನು ಇನ್ನೂ ನಾಲ್ಕು ಬೆರಳು ಒಳಗೆ ಜಡಿದಿದ್ದಳು. ಆ ನಾಲ್ಕು ಬೆರಳು ಪೈಪಿನೊಳಗೆ ಮೂತಿ ಚಾಚಿ ನನ್ನ ಗುಂಡನ್ನು ಹಿಡಿದು ನಿಲ್ಲಿಸಿತ್ತು.

"ಬರವಲ್ದು!" ಎಂದು ಒಳಗಿನಿಂದ ಕೂಲಿಯವಳು ಕೂಗಿದಳು. ಆಮೇಲೆ ಇಬ್ಬರು ಹೆಂಗಸರು ಒಟ್ಟಿಗೆ ಉಸಿರು ಬಿಗಿಹಿಡಿದು ಜಗ್ಗುವ ಸಪ್ಪಳ. ಹದಿನೇಳು ನಿಮಿಷ. ಹದಿನೆಂಟು. ಗೌಂಡಿ ಹಗ್ಗದ ಮೇಲಿಟ್ಟ ಕೈ ತೆಗೆದಿರಲಿಲ್ಲ. "ಬಿಡ್ತು," ಎಂದ ಅವನು, ಒಳಗಿನಿಂದ "ಗೆರಿಗೆ ಬಂತು" ಎಂಬ ಕೂಗು ಬರುವುದಕ್ಕೂ ಮೊದಲೇ. "ಸಾವಕಾಶ. ಸಾವಕಾಶ ನಡಸಪಾ."

ಎತ್ತುಗಳು ಹೆಜ್ಜೆ ಕಿತ್ತಿಟ್ಟವು. ಏಳನೆಯ ಬಟ್ಟೆ ಹೊರಬಂತು, ಎಂಟನೆಯದು ಬಂತು. ಗುಂಡು ಮೂತಿ ತೋರಿಸಿದಾಗ ನಾನು ಮ್ಯಾನ್‌ಹೋಲಿನ ಅಂಚಿನಲ್ಲಿ ಕೂತೇಬಿಟ್ಟೆ. ಅಂದು ಯಾರಿಗೂ ಚಹಾ ಹೇಳಲಿಲ್ಲ. ಎರಡು ದಿನ ಮಾಸ್ತರ ಮನೆಯ ಎದುರಿನ ಕಟ್ಟೆ ಬಿಟ್ಟು ಏಳಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಕನ್ನಡಿ ಹಿಡಿದೆವು. ಈ ತುದಿಯಿಂದ ಆ ತುದಿಯವರೆಗೆ ಬೂದು ಬಣ್ಣದ ಒಂದೇ ಸುತ್ತು. ಎಲ್ಲಿಯೂ ಕಂದು ಇಲ್ಲ. ನಾನು ಮೇಲೆ ಬಂದು ಮಾಸ್ತರ ಬಾಗಿಲಿಗೆ ಹೋಗಿ, "ನೀರು ಹಾಕ್ರಿ ಅಜ್ಜಿ, ಎಷ್ಟ ಬೇಕಾದ್ರೂ," ಎಂದೆ. ಅಂದು ಆ ಮನೆಯಿಂದ ಹರಿದ ನೀರಿನ ಸದ್ದನ್ನು ಮ್ಯಾನ್‌ಹೋಲಿನ ಹತ್ತಿರ ನಿಂತು ಕೇಳಿಸಿಕೊಂಡೆ.

ವಾರದ ಮೇಲೆ ಪೈಪಿನ ಎರಡೂ ಬಾಯಿ ಕಟ್ಟಿ, ಬಟ್ಟೆಗೆ ಹಾಕುವ ನೀಲಿ ಕಲಸಿ ನೀರು ತುಂಬಿ ನಿಲ್ಲಿಸಿದೆವು. ಮಟ್ಟ ಇಳಿಯಲಿಲ್ಲ, ಬಾವಿಯಲ್ಲಿ ನೀಲಿ ಕಾಣಲಿಲ್ಲ. ಬಾವಿಯನ್ನು ಮೂರು ಸಲ ಬರಿದು ಮಾಡಿ ತೊಳೆಸಿದೆವು. ಶೀಷೆಗಳು ಹೋದವು, ಬಂದವು. ಕಡೆಗೆ ಇನ್‌ಸ್ಪೆಕ್ಟರು ಬೀಗ ತೆಗೆದು ಗಾಲಿ ಹಾಕಿಸಿದರು. ಆದರೂ ಯಾರೂ ಕೊಡ ಇಳಿಸಲಿಲ್ಲ. ಮೂರು ದಿನ ಹಾಗೆಯೇ ಇತ್ತು. ಮತ್ತೆ ಯಾರೂ ನನಗೆ ಕಾರಣ ಹೇಳಲಿಲ್ಲ, ಈ ಸಲ ಕೂಲಿಯವಳನ್ನು ಮೊದಲೇ ಕೇಳಿದೆ. ಬಾಣಂತಿ ಎದ್ದು ಓಡಾಡುವ ಮೊದಲು ಬಾವಿಗೆ ಪೂಜೆ ಮಾಡಿ ನೀರು ಸೇದಬೇಕಂತೆ. ಮೊದಲೆರಡು ಸಲ ಆ ಮಗಳಿಗೆ ಅದು ಫಲಿಸಿರಲಿಲ್ಲ. ಈ ಸಲ ಮೊದಲ ಕೊಡ ಅವಳದೇ ಎಂದು ಓಣಿ ತೀರ್ಮಾನ ಮಾಡಿತ್ತು.

ಆ ಬೆಳಿಗ್ಗೆ ನಾನೂ ಹೋದೆ. ಗೌಂಡಿಗೆ ಹೇಳಿಕಳಿಸಿದ್ದೆ, ಅವನೂ ಬಂದು ದೂರದ ಕಟ್ಟೆಯ ಹತ್ತಿರ ನಿಂತಿದ್ದ. ಮಗಳು ಕಿವಿಗೆ ಸೆರಗು ಬಿಗಿದು, ಕೂಸನ್ನು ಎದೆಗೆ ಹಚ್ಚಿಕೊಂಡು ಹೊರಗೆ ಬಂದಳು. ಇಷ್ಟೆಲ್ಲ ಆದರೂ ನಾನು ಅವಳ ಮುಖ ನೋಡಿದ್ದು ಅದೇ ಮೊದಲು. ಅರಿಷಿಣ ಕುಂಕುಮ ಏರಿಸಿ ಮೊದಲ ಕೊಡ ಸೇದಿದರು. ಅಜ್ಜಿ ಅದರಿಂದ ಒಂದು ತಂಬಿಗೆ ತುಂಬಿದಳು. ಮಗಳ ಹತ್ತಿರ ಹೋಗಲಿಲ್ಲ, ನೇರ ನನ್ನ ಮುಂದೆ ಬಂದು ನಿಂತಳು.

"ಇದು ಕುಡಿದು ನನ್ನ ಮಗಳು ಕೂಸಿಗೆ ಹಾಲು ಕೊಡಬೇಕು. ಮೊದಲ ನೀವು ಕುಡೀರಿ."

ಕೈ ಚಾಚಿದೆ. ಆರು ಅಡಿ ಆಚೆಗೆ ಏನು ಹರಿಯುತ್ತಿದೆ ಎನ್ನುವುದು ಅಲ್ಲಿ ಎಲ್ಲರಿಗಿಂತ ನನಗೇ ಹೆಚ್ಚು ಗೊತ್ತಿತ್ತು. ಕನ್ನಡಿ ಹೇಳಿತ್ತು, ನೀಲಿ ಹೇಳಿತ್ತು, ಶೀಷೆ ಹೇಳಿತ್ತು. ಆದರೂ ನನ್ನ ಕೈ ಒಂದು ಕ್ಷಣ ನಿಂತಿತು. ಅಜ್ಜಿ ಅದನ್ನು ನೋಡಿದಳು. ಅವಳ ಮುಖ ಬಿಳಿಚಿತು.

"ಸರೀರಿ ಸಾಹೇಬ್ರ." ಗೌಂಡಿ ನಮ್ಮ ನಡುವೆ ಬಂದಿದ್ದ. "ಗಾರಿ ನಾ ಕಲಸೇನಿ. ಮದಲ ನಾ ಕುಡೀತೇನಿ." ಅವನು ಬಗ್ಗಿ ಬೊಗಸೆ ಒಡ್ಡಿದ. ಅಜ್ಜಿ ತಂಬಿಗೆಯನ್ನು ಅವನ ಕೈಗೆ ಮುಟ್ಟಿಸಲಿಲ್ಲ, ಮೇಲಿನಿಂದ ಸುರಿದಳು. ಆದರೆ ಅವನು ಸಾಕೆನ್ನುವವರೆಗೆ ಸುರಿದಳು. ಅವನು ಅವಸರವಿಲ್ಲದೆ ಕುಡಿದು ಗಡ್ಡ ಒರೆಸಿಕೊಂಡ. ಆಮೇಲೆ ನಾನು ಬೊಗಸೆ ಒಡ್ಡಿದೆ. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ನನ್ನ ಹಿಂದೆ ಕೂಲಿಯವಳು ಬಗ್ಗಿದಳು.

ತಂಬಿಗೆ ಬರಿದಾಗಿತ್ತು. ಅಜ್ಜಿ ಹಿಂದಿರುಗಿ ಹೋಗಿ ಕೊಡದಿಂದ ಅದನ್ನು ಮತ್ತೆ ತುಂಬಿ ಮಗಳ ಕೈಗೆ ಕೊಟ್ಟಳು. ಮಗಳು ಕೂಸನ್ನು ಒಂದು ಕೈಯಲ್ಲಿ ಹೆಗಲಿಗೆ ಒರಗಿಸಿಕೊಂಡು, ಇನ್ನೊಂದು ಕೈಯಿಂದ ತಂಬಿಗೆ ಎತ್ತಿ, ತಳದವರೆಗೂ ಕುಡಿದಳು.